ಹ್ಯಾಂಡಲ್ ಒಂದು ಬೆರಳು ಮೇಲಕ್ಕೆ

ಶನಿವಾರ ಮಧ್ಯಾಹ್ನದ ಊಟ ಮುಗಿಯಿತೆಂದರೆ ಬೆಟ್ಟದೂರು ತಿಬಸೋಸಾದಲ್ಲಿ ಸೈಕಲ್ ಇರುವವರಿಗೆಲ್ಲ ಒಂದೇ ಕೆಲಸ: ಎವಾರಿಸ್ಟೊ ಪಿರಾಗೌತಾನ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಕೂತು ಪ್ರಶ್ನೆ ಕೇಳುವುದು. ಸೈಕಲ್ ಕೆಟ್ಟಿರಲೇಬೇಕೆಂದೇನೂ ಇರಲಿಲ್ಲ. ಭಾನುವಾರ ಬೆಳಗ್ಗೆ ಎಲ್ ಕುಚಾರೊ ಏರು ಹತ್ತಬೇಕು. ಹತ್ತುವ ಮುಂಚೆ ಅವನ ಕೈ ಸೈಕಲ್ಲಿನ ಮೇಲೆ ಒಮ್ಮೆ ಆಡಿದರೆ ಮನಸ್ಸಿಗೊಂದು ನೆಮ್ಮದಿ. ಉಣ್ಣೆಯ ರುವಾನಾ ಹೊದ್ದು, ಸೈಕಲ್ಲುಗಳನ್ನು ಗೋಡೆಗೆ ಒರಗಿಸಿ, ಬಿಸಿ ಬೆಲ್ಲದ ನೀರಿನ ಲೋಟ ಹಿಡಿದು ಸಾಲಾಗಿ ಕೂರುತ್ತಿದ್ದರು. ಆ ಬೆಲ್ಲದ ನೀರನ್ನೂ ಅದರಲ್ಲಿ ಅದ್ದಿ ತಿನ್ನುವ ಚೀಸನ್ನೂ ಮಾರುವವಳು ಎವಾರಿಸ್ಟೊನ ಹೆಂಡತಿ ಅನಾತಿಲ್ದೆ. ಪ್ರಶ್ನೆಗಳು ಹೆಚ್ಚಿದಷ್ಟೂ ಆ ಮನೆಗೆ ಒಳ್ಳೆಯದೇ ಆಗುತ್ತಿತ್ತು.

"ದೋನ್ ಎವಾರಿಸ್ಟೊ, ಏರಿನಲ್ಲಿ ಎದ್ದು ನಿಂತು ತುಳಿದ್ರೆ ಚೈನು ಹಾರ್ತದೆ. ಮೊನ್ನೆ ತಾನೇ ಹೊಸದು ಹಾಕಿಸಿದ್ದು."

"ಹೊಸ ಚೈನನ್ನ ಹಳೇ ಹಲ್ಲುಚಕ್ರಕ್ಕೆ ಹಾಕಿಸಿದ್ದೀರಿ. ಮುದುಕನಿಗೆ ಚಿಕ್ಕ ಹುಡುಗೀನ ಕಟ್ಟಿದ ಹಾಗೆ. ಹೊಂದ್ಕೊಳಲ್ಲ. ಹಲ್ಲೂ ಬದಲಾಯ್ಸಿ."

"ನನ್ನದು ಎಡಗಡೆ ಪೆಡಲ್ ಬಿಚ್ಚೋಕೇ ಬರ್ತಿಲ್ಲ," ಎಂದ ಪೊಲಿದೊರೊ. ಆಲೂಗಡ್ಡೆ ಲಾರಿ ಓಡಿಸುವ ಭಾರಿ ಆಳು, ಬೆಂಚಿನ ಅರ್ಧ ಅವನದೇ. "ನಿನ್ನೆಯಿಂದ ಸ್ಪ್ಯಾನರ್ ಮೇಲೆ ಹತ್ತಿ ಕುಣೀತಿದ್ದೀನಿ."

"ಬಿಚ್ತಾ ಇಲ್ಲ ನೀವು, ಬಿಗಿ ಮಾಡ್ತಿದ್ದೀರಿ. ಎಡಗಡೆ ಪೆಡಲ್ಲಿಗೆ ತಿರುಪು ಉಲ್ಟಾ. ನಿಮ್ಮ ತಲೆಗೂ."

"ಟೈರಿಗೆ ಎಷ್ಟು ಗಾಳಿ ಹಾಕ್ಬೇಕು?"

"ಹೆಬ್ಬೆರಳಿಂದ ಒತ್ತಿ ನೋಡಿ. ಬೆರಳು ನೋಯಬೇಕು, ಟೈರು ನೋಯಬಾರದು."

ಹೀಗೆ ನಡೆಯುತ್ತಿತ್ತು. ಕೇಳಿದ್ದನ್ನೇ ಕೇಳುವವರಿದ್ದರು, ಉತ್ತರ ಗೊತ್ತಿದ್ದೂ ಅವನ ಬಾಯಿಂದ ಕೇಳಲೆಂದೇ ಕೇಳುವವರಿದ್ದರು. ಎವಾರಿಸ್ಟೊ ಯಾರ ಮೇಲೂ ರೇಗಿದವನಲ್ಲ. ಅವನಿಗಿದ್ದ ರೋಗ ಬೇರೆ. ನಾಲ್ಕು ಜನರ ಎದುರಿಗೆ 'ಇದು ಆಗುವುದಿಲ್ಲ' ಎನ್ನುವ ಮಾತು ಅವನ ನಾಲಿಗೆಯ ಮೇಲೆ ಬರುತ್ತಿರಲಿಲ್ಲ. ಬೇರೆ ಅಂಗಡಿಯವರು ಕೈಚೆಲ್ಲಿದ ಕೆಲಸ ಬಂದರೆ ಕಣ್ಣು ಮಿನುಗುತ್ತಿತ್ತು. "ನಿಮಗೆ ಹೊಗಳಿಕೆ ಅಂದ್ರೆ ಗ್ರೀಸು ಇದ್ದ ಹಾಗೆ, ಹಚ್ಚಿದಷ್ಟೂ ಸಲೀಸಾಗಿ ತಿರುಗ್ತೀರಿ," ಎಂದು ಅನಾತಿಲ್ದೆ ಕಿಟಕಿಯೊಳಗಿಂದಲೇ ಚುಚ್ಚುತ್ತಿದ್ದಳು. ಅವನು ನಗುತ್ತಿದ್ದ. ಅವಳು ಹೇಳಿದ್ದು ನಿಜವೆಂದು ಅವನಿಗೂ ಗೊತ್ತಿತ್ತು.

ಅವನು ಹುಟ್ಟಿದ್ದು ಮೇಲಿನ ಚಳಿಗುಡ್ಡದಲ್ಲಿ, ಆಲೂಗಡ್ಡೆ ಬೆಳೆಯುವವರ ಮನೆಯಲ್ಲಿ. ಮೊದಲು ಸೈಕಲ್ ಹತ್ತಿದ್ದು ಹಾಲಿನ ಕ್ಯಾನು ಕಟ್ಟಿಕೊಂಡು ಕೆಳಗಿನ ಡೈರಿಗೆ ಹೋಗುವುದಕ್ಕೆ. ಕಾಲಿನಲ್ಲಿ ಕಸುವಿತ್ತು, ಆದರೆ ಗೆಲ್ಲುವಷ್ಟಲ್ಲ. ಹಾಗಾಗಿ ಪ್ರಾಂತ್ಯದ ರೇಸುಗಳಲ್ಲಿ ಗೆಲ್ಲಬಲ್ಲವರಿಗೆ ನೀರು ತಂದುಕೊಡುವ, ಗಾಳಿಗೆ ಅಡ್ಡ ಹೋಗುವ ಆಳಾಗಿ ಒಂದಷ್ಟು ವರ್ಷ ತುಳಿದ. ಗೆಲ್ಲಬಲ್ಲವನೆಂದರೆ ಬೆಲಾರ್ಮಿನೊ ಕುಯೆರ್ವೊ. ಒಂದು ರೇಸಿನಲ್ಲಿ, ಕೊನೆಯ ಏರು ಇನ್ನೇನು ಶುರುವಾಗಬೇಕು ಎನ್ನುವಾಗ ಬೆಲಾರ್ಮಿನೊನ ಮುಂದಿನ ಚಕ್ರ ಪಂಕ್ಚರ್ ಆಯಿತು. ಎವಾರಿಸ್ಟೊ ಹಿಂದುಮುಂದು ನೋಡದೆ ತನ್ನ ಚಕ್ರವನ್ನೇ ಬಿಚ್ಚಿ ಕೊಟ್ಟು, ಗಾಳಿಯಿಲ್ಲದ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ಬದಿಯಲ್ಲಿ ಕೂತ. ಬೆಲಾರ್ಮಿನೊ ಆ ದಿನ ಮೂರನೆಯವನಾಗಿ ಬಂದ. ಆ ಕಥೆಯನ್ನು ಯಾವ ಮದುವೆಯಲ್ಲಿ, ಯಾವ ತಿಥಿಯಲ್ಲಿ ಸೇರಿದರೂ ಬೆಲಾರ್ಮಿನೊ ಹೇಳದೆ ಬಿಟ್ಟವನಲ್ಲ. "ನನ್ನ ಕಾಲಲ್ಲ ಗುರಿ ಮುಟ್ಟಿದ್ದು, ಇವರ ಚಕ್ರ," ಎನ್ನುತ್ತಿದ್ದ. ಮುಂದೆ ಮಗಳು ನೂಬಿಯಾ ಹುಟ್ಟಿದಾಗ ಅವಳ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಲ್ಲಿಸಿದ್ದೂ ಎವಾರಿಸ್ಟೊನನ್ನೇ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಂಪಾದ್ರೆ ಎಂದೇ ಕರೆಯುತ್ತಿದ್ದರು. ಅಲ್ಲಿ ಅದು ರಕ್ತಸಂಬಂಧಕ್ಕಿಂತ ಒಂದು ತೂಕ ಹೆಚ್ಚು.

ಬೆಲಾರ್ಮಿನೊ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ, ಹೆಂಡತಿಯನ್ನು ಕಳೆದುಕೊಂಡ, ಮಗಳು ಅಳಿಯನ ಜೊತೆ ಇದ್ದ. ಸೈಕಲ್ ಮಾತ್ರ ಬಿಟ್ಟಿರಲಿಲ್ಲ. ಅದೂ ಆ ಮೂರನೆಯ ಸ್ಥಾನದ ಹಳೆಯ ಕಬ್ಬಿಣದ ಸೈಕಲ್ಲೇ. ಈಗಿನವರ ಗರಿಯಂಥ ಸೈಕಲ್ಲುಗಳ ನಡುವೆ ಅದನ್ನು ತುಳಿದುಕೊಂಡು ಏರಿನ ತುದಿಗೆ ಹೋಗಿ, ಮೇಲೆ ಚರ್ಚಿನ ಕಟ್ಟೆಯ ಮೇಲೆ ಕೂತು ಹಿಂದೆ ಉಳಿದವರನ್ನು ಹಂಗಿಸುವುದು ಅವನ ಭಾನುವಾರ.

ಆ ವರ್ಷದ ಜುಲೈನಲ್ಲಿ, ಎಂದಿನಂತೆ, ಕಾರ್ಮೆನ್ ಮಾತೆಯ ಹಬ್ಬ ಬಂತು. ಗಾಲಿ ಇರುವುದೆಲ್ಲ ಅವಳ ಸುಪರ್ದಿಗೆ. ಲಾರಿ, ಬಸ್ಸು, ಟ್ರ್ಯಾಕ್ಟರು, ಕೈಗಾಡಿ ಎಲ್ಲವೂ ಕಾಗದದ ಹೂವು ಮುಡಿದು, ಹಾರ್ನ್ ಒತ್ತುತ್ತ, ಚರ್ಚಿನ ಮುಂದೆ ಸಾಲು ನಿಲ್ಲುತ್ತವೆ; ಪಾದ್ರಿಗಳು ಬಕೆಟಿನಿಂದ ಪವಿತ್ರಜಲ ಚಿಮುಕಿಸಿಕೊಂಡು ಹೋಗುತ್ತಾರೆ. ಸೈಕಲ್ಲಿನವರು ಮುಂದಿನ ಸಾಲು. ಮಾತೆಯ ಎದುರಿಗೆ ಕೊಳಕು ಸೈಕಲ್ ನಿಲ್ಲಿಸುವುದು ಎಂದರೆ ಕೊಳಕು ಅಂಗಿಯಲ್ಲಿ ಮದುವೆಗೆ ಹೋದ ಹಾಗೆ. ಹಬ್ಬಕ್ಕೆ ಮುಂಚೆ ಎವಾರಿಸ್ಟೊನ ಅಂಗಡಿಯಲ್ಲಿ ಪಾಲಿಷ್ ಮಾಡುವ ಉಣ್ಣೆಚಕ್ರ ನಿಲ್ಲದೆ ತಿರುಗುತ್ತಿತ್ತು.

ಹ್ಯಾಂಡಲ್ಲನ್ನು ಕಚ್ಚಿ ಹಿಡಿದು, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೊಳವೆಯೊಳಗೆ ಇಳಿದು ಕೂರುವ ಬಾಗಿದ ತುಂಡೊಂದಿರುತ್ತದಲ್ಲ, ಅದಕ್ಕೆ ಬೆಂಚಿನವರು ಕತ್ತು ಎನ್ನುತ್ತಿದ್ದರು. ಹಳೆಯ ಸೈಕಲ್ಲುಗಳಲ್ಲಿ ಕತ್ತನ್ನು ಮೇಲಕ್ಕೂ ಕೆಳಕ್ಕೂ ಸರಿಸಬಹುದು. ಎಷ್ಟು ಮೇಲಕ್ಕೆ ಎನ್ನುವುದಕ್ಕೆ ಅದರ ಮೈಮೇಲೆ ಒಂದು ಗೆರೆ ಕೊರೆದಿರುತ್ತಾರೆ. ಗೆರೆ ಯಾವಾಗಲೂ ಕೊಳವೆಯೊಳಗೆ ಮುಳುಗಿರಬೇಕು. ಹೊರಗೆ ಕಂಡರೆ ಒಳಗೆ ಹಿಡಿತ ಸಾಲದು, ಭಾರವೆಲ್ಲ ಕೊಳವೆಯ ತೆಳ್ಳನೆಯ ಬಾಯಿಗೇ ಬೀಳುತ್ತದೆ. ಇದನ್ನು ಬೆಂಚಿಗೆಲ್ಲ ಹೇಳಿಕೊಟ್ಟವನು ಎವಾರಿಸ್ಟೊನೇ.

ಬೆಲಾರ್ಮಿನೊನ ಸೈಕಲ್ಲಿಗೆ ಪಾಲಿಷ್ ಮಾಡುವಾಗ ಅವನಿಗೆ ಪ್ರೀತಿ ಉಕ್ಕಿತು. ಪ್ರೀತಿಯ ಜೊತೆ ಜಂಬವೂ. ಕತ್ತನ್ನು ಹೊರಗೆ ತೆಗೆದು, ಕಾಣುವ ಭಾಗವನ್ನು ಕನ್ನಡಿ ಮಾಡಿದ. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಕೊಳವೆಯೊಳಗೆ ಹೋಗಿ ಅಡಗುವ ಭಾಗವನ್ನೂ ಚಕ್ರಕ್ಕೆ ಹಿಡಿದ. "ಅದನ್ಯಾಕೆ ಉಜ್ತೀರಿ, ಯಾರಿಗೂ ಕಾಣಲ್ಲ," ಎಂದ ಪೊಲಿದೊರೊ. "ಮಾತೆಗೆ ಕಾಣತ್ತೆ," ಎಂದ ಎವಾರಿಸ್ಟೊ, ಬೆಂಚೆಲ್ಲ ಶಹಬ್ಬಾಸ್ ಎಂದಿತು. ವರ್ಷಗಳ ಬೆವರಿಗೆ, ತುಕ್ಕಿಗೆ ಕಲೆಗಟ್ಟಿದ್ದ ತುಂಡು ಬೆಳ್ಳಿಯ ಹಾಗೆ ಹೊರಬಂತು. ಗೆರೆ ಮೊದಲೇ ಸವೆದು ಮಸುಕಾಗಿತ್ತು. ಈಗ ಅದು ಇರಲೇ ಇಲ್ಲ. ಎವಾರಿಸ್ಟೊ ಅದನ್ನು ಆ ಗಳಿಗೆಯಲ್ಲೇ ಗಮನಿಸಿದ. ಗೆರೆ ಎಲ್ಲಿತ್ತೆಂದು ಸುಮಾರಾಗಿ ನೆನಪಿದೆ, ಸಾಕು ಎಂದುಕೊಂಡು ಜೋಡಿಸಿಟ್ಟ.

ಅದಾಗಿ ಸ್ವಲ್ಪ ದಿನಕ್ಕೆ ಬೆಲಾರ್ಮಿನೊ ಸೊಂಟ ಹಿಡಿದುಕೊಂಡು ಬಂದ.

"ಕೊಂಪಾದ್ರೆ, ಬಗ್ಗಿ ತುಳಿದ್ರೆ ಸೊಂಟದಲ್ಲಿ ಮೊಳೆ ಹೊಡೆದ ಹಾಗಾಗ್ತದೆ. ಹ್ಯಾಂಡಲ್ ಒಂದು ಬೆರಳು ಮೇಲೆ ಮಾಡೋಕಾಗತ್ತಾ?"

"ಯಾಕಾಗಲ್ಲ, ಕೂತ್ಕೊಳಿ."

ಒಂದು ಬೆರಳು ಮೇಲಾಯಿತು. ಸೊಂಟ ಸುಧಾರಿಸಿತು, ಬೆಂಚು ಹೊಗಳಿತು. ಮುಂದಿನ ತಿಂಗಳು ಇನ್ನೊಂದು ಬೆರಳು. ಸೆಪ್ಟೆಂಬರಿನಲ್ಲಿ ಮತ್ತೆ ಬಂದ. ಈ ಸಲ ಸ್ಪ್ಯಾನರ್ ಹಿಡಿದ ಎವಾರಿಸ್ಟೊನ ಕೈ ಒಂದು ಕ್ಷಣ ತಡೆಯಿತು. ಗೆರೆ ಇದ್ದಿದ್ದರೆ ಈಗ ಹೊರಗೆ ಇಣುಕುತ್ತಿತ್ತೋ ಏನೋ. ಖಾತ್ರಿ ಇಲ್ಲ. ಖಾತ್ರಿ ಇಲ್ಲದಿದ್ದರೆ ಏನು ಮಾಡಬೇಕೆಂದು ಬೇರೆಯವರಿಗೆ ಸಾವಿರ ಸಲ ಹೇಳಿದವನು ಅವನು: ಕತ್ತು ಹೊರಗೆ ತೆಗೆಯಿರಿ, ಉದ್ದ ಅಳೆಯಿರಿ.

"ಗೆರೆ ಎಲ್ಲಿದೆ ದೋನ್ ಎವಾರಿಸ್ಟೊ?" ಎಂದ ಪೊಲಿದೊರೊ, ಚೀಸ್ ಅಗಿಯುತ್ತ. ಅನುಮಾನದಿಂದ ಕೇಳಿದ್ದಲ್ಲ. ಕಲಿತ ಪಾಠ ಒಪ್ಪಿಸಿದ್ದು.

"ಒಳಗಿದೆ," ಎಂದ ಎವಾರಿಸ್ಟೊ.

ಉಜ್ಜಿ ಅಳಿಸಿಬಿಟ್ಟೆ ಎಂದು ಹೇಳಲು ನಾಚಿಕೆಯಾಯಿತು. ಕತ್ತು ಬಿಚ್ಚಿ ಅಳೆದರೆ ಬೆಂಚು ಯಾಕೆ ಎಂದು ಕೇಳುತ್ತದೆ. ಕೆಳಗೆ ಇಳಿಸಬೇಕಾಗಿ ಬಂದರೆ ಕೊಂಪಾದ್ರೆಯ ಮುಖ ಸಪ್ಪಗಾಗುತ್ತದೆ. ಬೋಲ್ಟು ಬಿಗಿ ಮಾಡಿ, ಹ್ಯಾಂಡಲ್ ತಿರುಚಿ ನೋಡಿ, ಅಲ್ಲಾಡಲಿಲ್ಲವಾದ್ದರಿಂದ ಕೊಟ್ಟು ಕಳಿಸಿದ.

ಅಕ್ಟೋಬರಿನ ಒಂದು ಭಾನುವಾರ ಎಲ್ ಕುಚಾರೊ ಇಳಿಜಾರಿನ ಮೂರನೇ ತಿರುವಿನಲ್ಲಿ ಬೆಲಾರ್ಮಿನೊ ತಿರುಗಲೇ ಇಲ್ಲ. ನೇರ ಹೋಗಿ ಚರಂಡಿ ದಾಟಿ, ಕಲ್ಲಿನ ಗೋಡೆಗೆ ಬಡಿದು ಬಿದ್ದ. ಹೆಗಲೆಲುಬು ಮುರಿಯಿತು, ಮುಖ ತರಚಿತು. ಇನ್ನೊಂದು ಮಾರು ಆಚೆಗೆ ಗೋಡೆಯಿರಲಿಲ್ಲ, ಪ್ರಪಾತವಿತ್ತು. ಅವನನ್ನು ಆಸ್ಪತ್ರೆಗೆ, ಸೈಕಲ್ಲನ್ನು ಪೊಲಿದೊರೊನ ಲಾರಿಯಲ್ಲಿ ಅಂಗಡಿಗೆ ತಂದರು.

ಲಾರಿಯಿಂದ ಇಳಿಸುವಾಗ ಹ್ಯಾಂಡಲ್ ಬ್ರೇಕಿನ ತಂತಿಗಳಲ್ಲಿ ಜೋತಾಡುತ್ತಿತ್ತು. ಎವಾರಿಸ್ಟೊ ಫೋರ್ಕಿನ ಕೊಳವೆಯ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿದ. ಸೀಳಿಹೋಗಿತ್ತು. ಸೀಳಿನ ಅಂಚಿನಲ್ಲಿ ಒಂದಿಷ್ಟು ಭಾಗ ಹೊಳೆಯುತ್ತಿತ್ತು, ಅದು ಇವತ್ತಿನದು. ಉಳಿದದ್ದು ಕಂದು ಬಣ್ಣಕ್ಕೆ ತಿರುಗಿತ್ತು. ತುಕ್ಕು ಹತ್ತಲು ದಿನಗಳು ಬೇಕು. ಅಂದರೆ ಬೀಳುವುದಕ್ಕೆ ಬಹಳ ಮುಂಚೆಯೇ ಬಿರುಕು ಬಿಟ್ಟಿತ್ತು. ಕತ್ತು ತೀರ ಮೇಲೆ ಸಿಕ್ಕಿಕೊಂಡು ಕೊಳವೆಯ ಬಾಯನ್ನು ದಿನವೂ ಸ್ವಲ್ಪ ಸ್ವಲ್ಪ ಹಿಗ್ಗಿಸುತ್ತಿತ್ತು. ಅವನ ಕೈಯೇ ಇದನ್ನು ಮಾಡಿತ್ತು.

"ಬಿದ್ದ ಏಟಿಗೆ ಮುರೀತಾ?" ಎಂದ ಪೊಲಿದೊರೊ, ಬೆನ್ನ ಹಿಂದಿನಿಂದ.

"ಹೂಂ. ಬಿದ್ದ ಏಟಿಗೆ," ಎಂದ ಎವಾರಿಸ್ಟೊ.

ಎಲ್ಲರೂ ಹಾಗೇ ನಂಬಿದರು. ಅವನು ಹೇಳಿದ ಮೇಲೆ ಸೈಕಲ್ಲಿನ ವಿಷಯದಲ್ಲಿ ಊರಲ್ಲಿ ಎರಡನೇ ಮಾತಿರಲಿಲ್ಲ. ಫೋರ್ಕನ್ನು ಆಲೂಗಡ್ಡೆಯ ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಎಸೆದ. "ಏನದು?" ಎಂದು ಅನಾತಿಲ್ದೆ ಕೇಳಿದಳು. "ಗುಜರಿ," ಎಂದ. ಅವಳು ಒಂದು ಸಲ ಅವನ ಮುಖ ನೋಡಿ ಒಳಗೆ ಹೋದಳು.

ಆಸ್ಪತ್ರೆಯಲ್ಲಿ ಬೆಲಾರ್ಮಿನೊ ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ. ಎವಾರಿಸ್ಟೊನನ್ನು ನೋಡಿದ್ದೇ ಬಲಗೈ ಎತ್ತಿ ತೋರಿಸಿದ.

"ಈ ಕೈ ಮೋಸ ಮಾಡ್ತು ಕೊಂಪಾದ್ರೆ. ತಿರುವು ಬಂತು, ತಿರುಗಿಸಬೇಕು ಅಂತ ತಲೆಗೆ ಗೊತ್ತಿತ್ತು. ತಿರುಗಿಸಿದೆ ಅಂತ್ಲೇ ಅನ್ನಿಸ್ತು. ಆದ್ರೆ ಸೈಕಲ್ ಮಾತ್ರ ನೇರ ಹೋಯ್ತು. ಕೈ ಮಾತು ಕೇಳ್ಲಿಲ್ಲ."

"ಡಾಕ್ಟರು ಏನಂತಾರೆ?"

"ಈ ವಯಸ್ಸಿಗೆ ಒಂದೊಂದ್ಸಲ ಹಾಗಾಗತ್ತಂತೆ. ತಲೆ ಹೇಳಿದ್ದು ಕೈಗೆ ಮುಟ್ಟಲ್ವಂತೆ. ಎಲ್ಲಾ ಪರೀಕ್ಷೆ ಮಾಡಿದ್ರು, ಏನೂ ಸಿಗ್ಲಿಲ್ಲ. ಸಿಗದೇ ಇರೋದೇ ಕೆಟ್ಟದ್ದು ಅಲ್ವಾ?"

ಹೇಳಬೇಕಿದ್ದ ಗಳಿಗೆ ಅದು. ನಿಮ್ಮ ಕೈ ಸರಿಯಾಗೇ ತಿರುಗಿಸಿತು, ನಾನು ಕೂರಿಸಿದ ಕತ್ತು ಬರಿದೇ ತಿರುಗಿತು, ಚಕ್ರ ತಿರುಗಲಿಲ್ಲ ಎಂದರೆ ಮುಗಿಯುತ್ತಿತ್ತು. ಎವಾರಿಸ್ಟೊ ಬಾಯಿ ತೆರೆದ. ಅಷ್ಟರಲ್ಲಿ ಬೆಲಾರ್ಮಿನೊ ಪಕ್ಕದ ಹಾಸಿಗೆಯವನ ಕಡೆ ತಿರುಗಿ, "ಇವರೇ ನೋಡಿ, ಅವತ್ತು ನನಗೆ ಚಕ್ರ ಬಿಚ್ಚಿಕೊಟ್ಟೋರು," ಎಂದು ಆ ಹಳೆಯ ಕಥೆಯನ್ನು ಶುರುಮಾಡಿದ. ಎವಾರಿಸ್ಟೊ ತಂದಿದ್ದ ಫೆಯ್ಹೋವಾ ಹಣ್ಣುಗಳನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ಕೂತ. ಮೊದಲ ದಿನ ಹೇಳದ ಮಾತು ಎರಡನೇ ದಿನಕ್ಕೆ ಇನ್ನಷ್ಟು ಭಾರವಾಗುತ್ತದೆ. ಎರಡನೇ ದಿನ ಅವನು ಆಸ್ಪತ್ರೆಗೆ ಹೋಗಲೇ ಇಲ್ಲ.

ಹೆಗಲೆಲುಬು ಕೂಡಿಕೊಂಡಿತು. ಆದರೆ ಬೆಲಾರ್ಮಿನೊ ಮತ್ತೆ ಸೈಕಲ್ಲಿನ ಮಾತೆತ್ತಲಿಲ್ಲ. ತನ್ನ ರೇಸಿನ ಷೂಗಳನ್ನು ಪೊಲಿದೊರೊನಿಗೆ ಕಳಿಸಿಕೊಟ್ಟ. ಆ ದೈತ್ಯನ ಹೆಬ್ಬೆರಳೂ ಅದರಲ್ಲಿ ಹಿಡಿಸುತ್ತಿರಲಿಲ್ಲ, ಆದರೂ ತೆಗೆದುಕೊಂಡು ಲಾರಿಯ ಕನ್ನಡಿಗೆ ಕಟ್ಟಿಕೊಂಡ. ಬರಬರುತ್ತ ಬೇರೆ ಸುದ್ದಿಗಳೂ ಬಂದವು. ದೋನ್ ಬೆಲಾರ್ಮಿನೊ ತಾನಾಗಿ ಗಡ್ಡ ಹೆರೆದುಕೊಳ್ಳುವುದಿಲ್ಲವಂತೆ, ಕ್ಷೌರಿಕನ ಹತ್ತಿರ ಹೋಗುತ್ತಾನಂತೆ. ಬಿಸಿ ಪಾತ್ರೆ ಮುಟ್ಟುವುದಿಲ್ಲವಂತೆ. ಕೋಲು ಹಿಡಿದು ನಡೆಯುತ್ತಾನಂತೆ. ಕಾಲಿಗೆ ಏನೂ ಆಗಿಲ್ಲವಲ್ಲ ಎಂದರೆ, ಇವತ್ತು ಕೈ, ನಾಳೆ ಕಾಲು ಎನ್ನುತ್ತಾನಂತೆ. ಬೆಂಚಿನವರು ಲೊಚಗುಟ್ಟುತ್ತಿದ್ದರು. ಎವಾರಿಸ್ಟೊ ಎದ್ದು ಒಳಗೆ ಹೋಗಿ ಬೇಡದ ಸ್ಪ್ಯಾನರ್ ಹುಡುಕುತ್ತಿದ್ದ.

ಹೇಳಿಬಿಡುತ್ತೇನೆಂದು ಮನೆಯಿಂದ ಹೊರಟು ಅವನು ಹಲವು ಸಲ ಬೆಲಾರ್ಮಿನೊನ ಅಂಗಳದ ತನಕ ಹೋದ. ಒಂದು ಸಲ ಗೇಟಿನ ಕೀಲು ಕಿರುಗುಟ್ಟಿತು. ಎಣ್ಣೆ ಬಿಟ್ಟು ಬಂದ. ಇನ್ನೊಂದು ಸಲ ನೀರಿನ ಪಂಪು ಕೆಟ್ಟಿತ್ತು. ಅದನ್ನು ಬಿಚ್ಚಿ ಸರಿಮಾಡಿ ಬಂದ. ತಲೆಯ ಮೇಲಿನ ಸಾಲವನ್ನು ಚಿಲ್ಲರೆಯಲ್ಲಿ ತೀರಿಸುವವನ ಹಾಗೆ ಆ ಮನೆಯ ಬೀಗ, ಬಾಗಿಲು, ಒಲೆ ಎಲ್ಲವನ್ನೂ ರಿಪೇರಿ ಮಾಡಿದ. "ನೀವಿಲ್ಲದಿದ್ರೆ ಈ ಮನೆ ಏನಾಗ್ತಿತ್ತೋ, ಪದ್ರೀನೊ," ಎಂದಳು ನೂಬಿಯಾ. ಧರ್ಮತಂದೆಯನ್ನು ಅವಳು ಹಾಗೆ ಕರೆಯುತ್ತಿದ್ದದ್ದು. ತುಂಬು ಬಸುರಿ, ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಮುಖ ನೋಡಲಾರದೆ ಅವನು ಪಂಪಿನೊಳಗೆ ತಲೆ ತೂರಿಸಿದ.

ಅಂಗಡಿಯಲ್ಲಿ ಅವನ ಕೆಲಸ ನಿಧಾನವಾಯಿತು. ಬಿಗಿ ಮಾಡಿದ ಬೋಲ್ಟನ್ನು ಮತ್ತೆ ಬಿಚ್ಚಿ ಬಿಗಿಮಾಡುತ್ತಿದ್ದ. ಬಂದ ಪ್ರತಿ ಸೈಕಲ್ಲಿನ ಕತ್ತನ್ನೂ ಹೊರಗೆ ಎಳೆದು ಗೆರೆ ನೋಡಿಯೇ ಕೂರಿಸುತ್ತಿದ್ದ. ವಯಸ್ಸಾದಷ್ಟೂ ಎಷ್ಟು ಪಳಗಿದ್ದಾರೆ ನೋಡಿ ಎಂದು ಬೆಂಚು ಇನ್ನೂ ಹೊಗಳಿತು. ಆ ಹೊಗಳಿಕೆ ಅವನಿಗೆ ಈಗ ಮೈಗೆ ಅಂಟಿದ ಡಾಂಬರಿನಂತೆ ಅನ್ನಿಸುತ್ತಿತ್ತು, ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ. ಊಟದ ಮುಂದೆ ಕೂತು ತಟ್ಟೆಯನ್ನೇ ನೋಡುತ್ತಿದ್ದ. "ನಾನು ಕೇಳಲ್ಲ," ಎಂದಳು ಒಂದು ದಿನ ಅನಾತಿಲ್ದೆ. "ಆದ್ರೆ ಕೇಳೋಕೆ ಹಕ್ಕಿರೋರು ಯಾರೋ ಇದ್ದಾರೆ ಅಂತ ಮಾತ್ರ ಕಾಣತ್ತೆ. ಅವರ ಹತ್ರ ಹೋಗಿ." ಅವನು ಹೋಗಲಿಲ್ಲ. ನಿಜ ಹೇಳಬೇಕೆಂದರೆ ಅವನು ಹೇಡಿಯಾಗಿದ್ದ, ಅದು ಅವನಿಗೂ ಗೊತ್ತಿತ್ತು.

ಕ್ರಿಸ್ಮಸ್ಸಿಗೆ ಮುಂಚೆ ನೂಬಿಯಾ ಗಂಡು ಮಗು ಹೆತ್ತಳು. ಎರಡು ತಿಂಗಳಾದ ಮೇಲೆ, ಮಳೆಯಿಲ್ಲದ ದಿನ ನೋಡಿ ಜ್ಞಾನಸ್ನಾನ ಇಟ್ಟುಕೊಂಡರು. ಚರ್ಚಿನಿಂದ ಬಂದು ಬೆಲಾರ್ಮಿನೊನ ಅಂಗಳದಲ್ಲಿ ಉದ್ದನೆಯ ಮೇಜು ಹಾಕಿ ಊಟ. ಸುಟ್ಟ ಕುರಿಮಾಂಸ, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಖಾರದ ಚಟ್ನಿ, ಬಿಯರ್. ಬೆಂಚಿನವರೆಲ್ಲ ಬಂದಿದ್ದರು. ಪೊಲಿದೊರೊ ಟೈ ಕಟ್ಟಿಕೊಂಡು ಉಸಿರಾಡಲು ಕಷ್ಟಪಡುತ್ತಿದ್ದ.

ಅಲ್ಲಿಯ ರೂಢಿಯಂತೆ ಮಗು ಮೇಜಿನ ಸುತ್ತ ಕೈಯಿಂದ ಕೈಗೆ ಹೋಗಬೇಕು. ಎತ್ತಿಕೊಂಡವರು ಒಂದು ಒಳ್ಳೆಯ ಮಾತು ಹೇಳಿ ಪಕ್ಕದವರಿಗೆ ದಾಟಿಸಬೇಕು. ಬಿಳಿಯ ಬಟ್ಟೆಯಲ್ಲಿ ಸುತ್ತಿದ್ದ ಕೂಸು ಹಾಲು ಕುಡಿದು ನಿದ್ದೆ ಹೋಗಿತ್ತು. ಪೊಲಿದೊರೊನ ಕೈಗೆ ಬಂದಾಗ, "ಇವನಿಗೆ ಎಡಗಡೆ ಪೆಡಲ್ ಯಾವ ಕಡೆ ತಿರುಗತ್ತೆ ಅಂತ ನಾನೇ ಹೇಳಿಕೊಡ್ತೀನಿ," ಎಂದು ಎಲ್ಲರನ್ನೂ ನಗಿಸಿದ. ಅನಾತಿಲ್ದೆ ಎತ್ತಿಕೊಂಡು ಹಣೆಗೆ ಮುತ್ತಿಟ್ಟಳು. ಎವಾರಿಸ್ಟೊ ಏನೋ ತೊದಲಿ, ಪಕ್ಕದಲ್ಲಿದ್ದ ಬೆಲಾರ್ಮಿನೊನ ಕಡೆಗೆ ಚಾಚಿದ.

ಬೆಲಾರ್ಮಿನೊನ ಕೈಗಳು ರುವಾನಾದ ಒಳಗಿದ್ದವು. ಹೊರಗೆ ಬರಲಿಲ್ಲ.

"ನೂಬಿಯಾಗೆ ಕೊಡಿ ಕೊಂಪಾದ್ರೆ," ಎಂದ.

"ಇವತ್ತಾದ್ರೂ ಎತ್ಕೊಳಪ್ಪಾ," ಎಂದಳು ನೂಬಿಯಾ. ಆ ದನಿಯಲ್ಲಿ ಇದನ್ನು ಅವಳು ಬಹಳ ಸಲ ಕೇಳಿ ಸೋತಿದ್ದು ಗೊತ್ತಾಗುತ್ತಿತ್ತು. "ಪಕ್ಕದಲ್ಲಿ ನಾನೇ ಇದ್ದೀನಿ."

"ಬೇಡ ಮಗಳೇ. ಸೈಕಲ್ ಬಿಟ್ಟ ಹಾಗೆ ಇವನನ್ನೂ ಬಿಟ್ಬಿಟ್ರೆ? ಈ ಕೈ ಯಾವಾಗ ಮಾತು ಕೇಳತ್ತೆ, ಯಾವಾಗ ಕೇಳಲ್ಲ ಅಂತ ನನಗೇ ಗೊತ್ತಿಲ್ಲ. ನಾನು ಇಲ್ಲಿಂದಲೇ ನೋಡ್ತೀನಿ. ಚೆನ್ನಾಗಿ ಕಾಣ್ತಾನೆ." ಮಾತು ಮುಗಿಸಿ ನಗಲು ನೋಡಿದ. ಮೇಜಿನ ಸುತ್ತ ಇದ್ದವರು ತಮ್ಮ ತಮ್ಮ ತಟ್ಟೆ ನೋಡಿಕೊಂಡರು.

ಮಗು ಇನ್ನೂ ಎವಾರಿಸ್ಟೊನ ತೋಳಿನಲ್ಲಿತ್ತು. ಅದರ ಬಿಸಿ ಅವನ ಅಂಗಿಯನ್ನು ದಾಟಿ ಎದೆಗೆ ತಾಗುತ್ತಿತ್ತು. ಮುರಿದ ಎಲುಬಿನ ಲೆಕ್ಕವನ್ನು ಅವನು ಮನಸ್ಸಿನಲ್ಲಿ ನೂರು ಸಲ ಹಾಕಿದ್ದ, ಬಿಟ್ಟುಹೋದ ಭಾನುವಾರಗಳ ಲೆಕ್ಕವನ್ನೂ. ಇದೊಂದು ಅವನ ಲೆಕ್ಕದಲ್ಲೇ ಇರಲಿಲ್ಲ. ತನ್ನ ಹೆಸರು ಉಳಿಸಿಕೊಳ್ಳಲು ಒಬ್ಬ ಅಜ್ಜನ ಕೈಯಿಂದ ಮೊಮ್ಮಗನನ್ನು ತಾನೇ ಕಿತ್ತುಕೊಂಡು ಕೂತಿದ್ದೇನೆ ಅನ್ನಿಸಿತು.

"ನಿಮ್ಮ ಕೈ ಸರಿಯಾಗಿದೆ," ಎಂದ.

"ಬಿಡಿ ಕೊಂಪಾದ್ರೆ, ಸಮಾಧಾನ ಹೇಳ್ಬೇಡಿ."

"ಸಮಾಧಾನ ಅಲ್ಲ. ಹಬ್ಬದ ಪಾಲಿಷ್ ಮಾಡುವಾಗ ನಿಮ್ಮ ಸೈಕಲ್ ಕತ್ತಿನ ಗೆರೆ ಅಳಿಸಿಹೋಯ್ತು. ಗೊತ್ತಿದ್ದೂ ಹ್ಯಾಂಡಲ್ ಮೇಲೆ ಮೇಲೆ ಮಾಡ್ತಾ ಹೋದೆ. ಅಳತೆ ಮಾಡ್ಲಿಲ್ಲ. ಗೆರೆ ಒಳಗಿದೆ ಅಂತ ಪೊಲಿದೊರೊಗೆ ಸುಳ್ಳು ಹೇಳಿದೆ. ಬಿದ್ದ ಏಟಿಗೆ ಮುರೀತು ಅಂದಿದ್ದೂ ಸುಳ್ಳೇ."

ಪೊಲಿದೊರೊ ಬಿಯರ್ ಬಾಟಲಿಯನ್ನು ಸದ್ದಿಲ್ಲದೆ ಕೆಳಗಿಟ್ಟ. ಬೆಲಾರ್ಮಿನೊ, ಶನಿವಾರದ ಬೆಂಚಿನ ಮೇಲೆ ಕೂತವನ ಹಾಗೆ, ಬಿಡಿಬಿಡಿಯಾಗಿ ಕೇಳತೊಡಗಿದ.

"ಬೀಳೋಕ್ಕೆ ಮುಂಚೆನೇ ಕೊಳವೇಲಿ ಬಿರುಕಿತ್ತಾ?"

"ಇತ್ತು. ಅಂಚಿಗೆ ತುಕ್ಕು ಹತ್ತಿತ್ತು. ಫೋರ್ಕು ನಮ್ಮನೆ ಅಟ್ಟದ ಮೇಲಿದೆ, ನೀವೇ ನೋಡ್ಬಹುದು."

"ತಿರುವಿನಲ್ಲಿ ನಾನು ತಿರುಗಿಸಿದ್ನಾ?"

"ತಿರುಗಿಸಿದ್ರಿ. ಕೈ ತಿರುಗಿಸ್ತು, ಹ್ಯಾಂಡಲ್ ತಿರುಗ್ತು, ಕತ್ತೂ ತಿರುಗ್ತು. ಕೆಳಗೆ ಚಕ್ರಕ್ಕೆ ಮಾತ್ರ ಮುಟ್ಟಲಿಲ್ಲ."

"ನಿಮಗೆ ಯಾವತ್ತು ಗೊತ್ತಾಯ್ತು?"

ಎವಾರಿಸ್ಟೊ ಮಗುವಿನ ಮುಖ ನೋಡಿಕೊಂಡೇ ಹೇಳಿದ. "ಲಾರಿಯಿಂದ ಇಳಿಸಿದ ದಿನಾನೇ."

ಬೆಲಾರ್ಮಿನೊ ರುವಾನಾದ ಒಳಗಿನಿಂದ ಕೈಗಳನ್ನು ಹೊರಗೆ ತೆಗೆದ. ಅಂಗೈ ಮೇಲೆ ಮಾಡಿ ನೋಡಿಕೊಂಡ, ಮಗುಚಿ ನೋಡಿಕೊಂಡ, ಬೆರಳುಗಳನ್ನು ಮಡಚಿ ಬಿಡಿಸಿದ. ಆಮೇಲೆ ಎರಡೂ ಕೈ ಚಾಚಿದ. ಎವಾರಿಸ್ಟೊ ಮಗುವನ್ನು ಅವನ ತೋಳಿನಲ್ಲಿ ಇಟ್ಟ. ನೂಬಿಯಾ ಹೆದರಿ ಹತ್ತಿರ ಬಂದವಳು ಅಲ್ಲೇ ನಿಂತಳು. ಅವಳು ಹಿಡಿಯಬೇಕಾದ ಅಗತ್ಯವೇ ಬೀಳಲಿಲ್ಲ. ಉಕ್ಕಿನ ಕಾರ್ಖಾನೆಯಲ್ಲಿ ಕಾದ ಸರಳು ಹಿಡಿದ ಕೈ ಅದು. ಮಗುವಿನ ಕತ್ತಿನ ಕೆಳಗೆ ಅಂಗೈ ಸರಿಸಿ, ತಲೆಯನ್ನು ತೋಳಿನ ಮಡಿಕೆಯಲ್ಲಿ ಕೂರಿಸಿಕೊಂಡಿತು. ಬೆಲಾರ್ಮಿನೊನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಬಿಡುವಿಲ್ಲದವನಂತೆ ಅದನ್ನು ಹಾಗೇ ಬಿಟ್ಟ.

ಎವಾರಿಸ್ಟೊನ ಎದೆ ಹಗುರಾಯಿತು. ಮುಗಿಯಿತು ಎಂದುಕೊಂಡ, ಪಾಪ.

"ಮಗು ಮಲಗಿದೆ," ಎಂದ ಬೆಲಾರ್ಮಿನೊ, ತಲೆ ಎತ್ತದೆ, ಬಹಳ ಮೆಲ್ಲಗೆ. "ಅದಕ್ಕೇ ನಾನು ಕೂಗ್ತಾ ಇಲ್ಲ, ಎವಾರಿಸ್ಟೊ. ಎಲುಬು ಮುರಿದಿದ್ದು ಬಿಡಿ, ಅದು ಕೂಡ್ಕೊಳ್ತು. ಕೈ ತಪ್ಪು ಎಲ್ಲರಿಗೂ ಆಗತ್ತೆ, ಅದನ್ನೂ ಬಿಡಿ. ಅವತ್ತು ಆಸ್ಪತ್ರೆಲಿ ನಾನು ಈ ಕೈ ಎತ್ತಿ ತೋರಿಸ್ದೆ. ನೀವು ನೋಡಿದ್ರಿ. ನೋಡಿ ಹಣ್ಣು ಇಟ್ಟು ಎದ್ದು ಹೋದ್ರಿ. ಆಮೇಲೆ ಬಂದು ಬಂದು ನನ್ನ ಗೇಟಿಗೆ ಎಣ್ಣೆ ಹಾಕಿದ್ರಿ. ಇವನು ಹುಟ್ಟಿದ ದಿನ ನರ್ಸು ತಂದು ಹಿಡೀರಿ ಅಂದ್ಲು, ನಾನು ಗೋಡೆಗೆ ಸರಿದು ನಿಂತೆ. ಇವನು ಮೊದಲ್ನೇ ಸಲ ನಕ್ಕಾಗ ಎದುರಿಗೆ ನಾನೊಬ್ನೇ ಇದ್ದೆ. ಎತ್ಕೊಳಲಿಲ್ಲ. ದಿನಾ ಬೆಳಗ್ಗೆ ಎದ್ದು ಈ ಕೈಗಳನ್ನ ಬೈದಿದ್ದೀನಿ ನಾನು. ನನ್ನ ಕೈಗಳನ್ನ."

"ಕ್ಷಮಿಸಿ ಅಂತ ಕೇಳೋ ಮುಖ ನನಗಿಲ್ಲ," ಎಂದ ಎವಾರಿಸ್ಟೊ.

"ಇಲ್ಲ. ಕೇಳ್ಬೇಡಿ. ಈಗ ಮನೆಗೆ ಹೋಗಿ. ನಾನಾಗಿ ಬಂದು ಮಾತಾಡಿಸೋ ತನಕ ಈ ಅಂಗಳಕ್ಕೆ ಬರಬೇಡಿ. ಬರ್ತೀನೋ ಇಲ್ವೋ ನನಗೆ ಗೊತ್ತಿಲ್ಲ."

ಎವಾರಿಸ್ಟೊ ಕುರ್ಚಿಯ ಬೆನ್ನಿಗೆ ಸಿಕ್ಕಿಸಿದ್ದ ಟೋಪಿ ತೆಗೆದುಕೊಂಡ. ಅನಾತಿಲ್ದೆ ಅವನ ಜೊತೆಗೇ ಎದ್ದಳು. ಯಾರೂ ತಡೆಯಲಿಲ್ಲ. ಗೇಟಿನ ಹತ್ತಿರ ಅವನು ಒಮ್ಮೆ ಹಿಂತಿರುಗಿ ನೋಡಿದ. ಬೆಲಾರ್ಮಿನೊ ಅವನ ಕಡೆ ನೋಡುತ್ತಿರಲಿಲ್ಲ. ಅವನು ಎದ್ದು ನಿಂತು, ಮಗುವನ್ನು ಎಡತೋಳಿನಿಂದ ಬಲತೋಳಿಗೆ ಬದಲಾಯಿಸಿಕೊಳ್ಳುತ್ತಿದ್ದ.